ಹಲ್ಲಿನ ಮೇಸ್ತ್ರಿಯೂ ಕಚ್ಚುವ ಚಿಟಿಕೆಯೂ

ಊರಿನ ಅರ್ಧದಷ್ಟು ಮುದುಕರ ನಗು ಆತನ ಕೈಯಲ್ಲಿ ತಯಾರಾದದ್ದು. ಹಲ್ಲಿನ ಆಸ್ಪತ್ರೆಯ ಹಿಂಬದಿ, ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಕೂತು ಇಪ್ಪತ್ತೇಳು ವರ್ಷದಿಂದ ಆತ ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ಮಾಡುತ್ತಿದ್ದ. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಈತ ಅದಕ್ಕೆ ಪ್ಲಾಸ್ಟರ್ ಸುರಿದು, ಸ್ಪಿರಿಟ್ ದೀಪದಲ್ಲಿ ಮೇಣ ಕಾಯಿಸಿ, ಒಂದೊಂದೇ ಹಲ್ಲನ್ನು ಸಾಲಾಗಿ ಕೂರಿಸುತ್ತಿದ್ದ. ಕೆಲಸದಲ್ಲಿ ಎತ್ತಿದ ಕೈ. ಇದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅಲ್ಲಗಳೆಯಲು ಆತ ಬಿಡುತ್ತಲೂ ಇರಲಿಲ್ಲ. ಡಾಕ್ಟರಮ್ಮ ಒಮ್ಮೆ ತಮಾಷೆಗೆ 'ಹಲ್ಲಿನ ಮೇಸ್ತ್ರಿ' ಎಂದದ್ದನ್ನು ಆತ ಬಿರುದು ಎಂದುಕೊಂಡ. ಅಂದಿನಿಂದ ಅದೇ ಹೆಸರು.

ಹಲ್ಲು ಗೊತ್ತಿದ್ದವನಿಗೆ ಉಳಿದದ್ದೆಲ್ಲ ತಾನಾಗಿಯೇ ಗೊತ್ತಿರುತ್ತದೆ ಎಂಬುದು ಮೇಸ್ತ್ರಿಯ ನಂಬಿಕೆ. ಬಸ್ಸು ಯಾಕೆ ತಡವಾಗುತ್ತದೆ, ತಾರಸಿ ಯಾಕೆ ಸೋರುತ್ತದೆ, ಎದುರು ಮನೆಯ ಗಂಡ ಹೆಂಡಿರಿಗೆ ಯಾಕೆ ಹೊಂದುವುದಿಲ್ಲ, ಎಲ್ಲಕ್ಕೂ ಆತನ ಬಳಿ ಉತ್ತರವಿತ್ತು. ಮನೆಯಲ್ಲಂತೂ ಸಲಹೆ ಹರಿಯುತ್ತಿದ್ದುದು ಒಂದೇ ದಿಕ್ಕಿಗೆ. ಹೆಂಡತಿ ಹದಿನೆಂಟು ವರ್ಷದಿಂದ ಶಿಶುವಿಹಾರದಲ್ಲಿ ಟೀಚರ್. ಎರಡರಿಂದ ನಾಲ್ಕು ವರ್ಷದ ಇಪ್ಪತ್ತೆರಡು ಮಕ್ಕಳನ್ನು ದಿನಾ ಐದು ಗಂಟೆ ಸಂಭಾಳಿಸುತ್ತಿದ್ದಳು. ಮೇಸ್ತ್ರಿ ಅದನ್ನು 'ಮೂಗು ಒರೆಸೋ ಕೆಲಸ' ಎನ್ನುತ್ತಿದ್ದ. ಮೂಗು ಒರೆಸುವುದರಾಚೆ ಅಲ್ಲಿ ಇನ್ನೇನು ನಡೆಯುತ್ತದೆಂದು ಹದಿನೆಂಟು ವರ್ಷದಲ್ಲಿ ಒಂದು ದಿನವೂ ಕೇಳಿದವನಲ್ಲ.

ಇಂಥ ಮನೆಗೆ ಮಗಳು ಒಂದು ನಾಯಿಮರಿ ತಂದಳು. ಕಾಲೇಜಿನ ಗೆಳತಿಯ ಮನೆಯ ಪಾಮೆರೇನಿಯನ್ ಹಾಕಿದ ನಾಲ್ಕು ಮರಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಎರಡು ತಿಂಗಳಾಗಿದ್ದರೂ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಕಿಲೋ ಮುಟ್ಟಲಿಲ್ಲ. 'ಚಿಟಿಕೆ' ಎಂದು ಹೆಸರಿಟ್ಟರು.

ಮೇಸ್ತ್ರಿ ಮೊದಲ ದಿನವೇ ಅದನ್ನು ಮಡಿಲಲ್ಲಿ ಅಂಗಾತ ಮಲಗಿಸಿ, ಬಾಯಿ ಅಗಲಿಸಿ ಹಲ್ಲೆಣಿಸಿದ. ಇಪ್ಪತ್ತೆಂಟು. ಅಕ್ಕಿನುಚ್ಚಿನಷ್ಟೇ ಗಾತ್ರ, ಸೂಜಿಯಷ್ಟು ಚೂಪು. ಆತನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ನೋಡೇ, ಏನು ಜೋಡಣೆ! ಮೇಲಿನ ಸಾಲು ಕೆಳಗಿನ ಸಾಲು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕಚ್ಚು ಮರಿ, ಕಚ್ಚು, ಹಾಂ!" ಎಂದು ಬೆರಳನ್ನು ಅದರ ಮುಂದೆ ಕುಣಿಸಿದ. ಅದು ಕಚ್ಚಿತು. ಆತ ನಕ್ಕ. ಅದು ಮತ್ತೆ ಕಚ್ಚಿತು.

"ರೀ, ಬೆರಳು ಕೊಟ್ಟು ಆಡಿಸಬೇಡಿ. ಅದೇ ಅಭ್ಯಾಸ ಆಗುತ್ತೆ," ಎಂದಳು ಹೆಂಡತಿ.

"ಹಲ್ಲಿನ ವಿಷಯ ನೀನು ನನಗೆ ಹೇಳಿಕೊಡ್ತೀಯಾ?"

ಆಕೆ ಹೇಳಿಕೊಡಲಿಲ್ಲ. ಮನೆಗೆ ಬಂದವರಿಗೆಲ್ಲ ಮೇಸ್ತ್ರಿ ಈ ಆಟ ತೋರಿಸಿದ. ಇಷ್ಟುದ್ದದ ನಾಯಿ ಗುರ್ ಎಂದು ಬೆರಳಿಗೆ ಜೋತುಬೀಳುವುದನ್ನು ಕಂಡು ಬಂದವರೂ ಬಿದ್ದುಬಿದ್ದು ನಕ್ಕರು. ಇದೇ ಕೆಲಸವನ್ನು ಆಳೆತ್ತರದ ನಾಯಿ ಮಾಡಿದ್ದರೆ ಅದೇ ಜನ ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಿದ್ದರು. ಚಿಟಿಕೆಗೆ ಮಾತ್ರ ಒಂದು ವಿಷಯ ಖಚಿತವಾಯಿತು: ಕಚ್ಚಿದರೆ ಈ ಮನುಷ್ಯನಿಗೆ ಬಹಳ ಖುಷಿ.

ಒಂದೂವರೆ ತಿಂಗಳಲ್ಲಿ ಮರಿಯ ದವಡೆ ಬಲಿಯಿತು, ಮೇಸ್ತ್ರಿಯ ಖುಷಿ ಇಳಿಯಿತು. ಒಂದು ಬೆಳಿಗ್ಗೆ ಅದು ಆತನ ಬಲಗೈ ತೋರುಬೆರಳನ್ನು ಉಗುರಿನ ಬುಡದಲ್ಲೇ ಹಿಡಿಯಿತು. ಮೇಣ ತಿದ್ದುವ ಬೆರಳು ಅದು. ಪಟ್ಟಿ ಸುತ್ತಿಕೊಂಡೇ ಆ ವಾರ ಬ್ಯಾಂಕಿನ ನಿವೃತ್ತ ಮ್ಯಾನೇಜರೊಬ್ಬರಿಗೆ ಮೇಲಿನ ಸೆಟ್ಟು ಮಾಡಿಕೊಟ್ಟ. ಮುಂದಿನ ಹಲ್ಲು ಎಷ್ಟು ಮುಂದೆ ಬಂದಿದ್ದವೆಂದರೆ ಮ್ಯಾನೇಜರಿಗೆ ತುಟಿ ಕೂಡಿಸಲು ಆಗಲಿಲ್ಲ. ಪಾಪ, ಒಂದು ಸಾವಿನ ಮನೆಗೆ ಹೋಗಿ ಎರಡು ಗಂಟೆ ಹಲ್ಲು ಕಿರಿದುಕೊಂಡೇ ಕೂತಿದ್ದು ಬಂದರಂತೆ.

ಡಾಕ್ಟರಮ್ಮ ಆ ಸೆಟ್ಟನ್ನು ತಂದು ಮೇಸ್ತ್ರಿಯ ಮುಂದಿಟ್ಟರು. "ಏನ್ರೀ ಇದು?"

"ಬೆರಳಿಗೆ ಏಟಾಗಿತ್ತು ಡಾಕ್ಟರೇ. ನಾಯಿ ಕಚ್ಚಿ."

"ಅಯ್ಯೋ, ಇಂಜೆಕ್ಷನ್ ಆಯ್ತಾ? ಎಷ್ಟು ದೊಡ್ಡ ನಾಯಿ?"

"ಇಂಜೆಕ್ಷನ್ ಅದಕ್ಕೂ ಆಗಿದೆ, ನನಗೂ ಆಗಿದೆ," ಎಂದು ಮೇಸ್ತ್ರಿ ಎರಡನೆಯ ಪ್ರಶ್ನೆಗೆ ಕೈಗಳನ್ನು ಒಂದು ಮೊಳ ಅಗಲಿಸಿದ. ಆಮೇಲೆ ಆತ್ಮಸಾಕ್ಷಿ ಚುಚ್ಚಿತೇನೋ, ಗೇಣಿಗೆ ಇಳಿಸಿದ. ಡಾಕ್ಟರಮ್ಮ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು.

ಆತನಿಗೆ ರೋಷ ಬಂತು. "ಹತ್ತು ದಿನ ಕೊಡಿ. ಕಚ್ಚೋದಿರಲಿ, ಬಾಯಿ ತೆರೆಯೋಕೂ ಅದು ನನ್ನ ಅಪ್ಪಣೆ ಕೇಳಬೇಕು. ಆಮೇಲಿನ ಭಾನುವಾರ ಬಂದು ನೋಡಿ."

ಹತ್ತು ದಿನ ಆ ಮನೆಯಲ್ಲಿ ಯುದ್ಧ ನಡೆಯಿತು. ಮೊದಲು ಮೂತಿ ಹಿಡಿದು ಬಾಯಿ ಮುಚ್ಚಿಸಿದ. ಚಿಟಿಕೆ ಅದನ್ನು ಹೊಸ ಬಗೆಯ ಕುಸ್ತಿ ಎಂದು ಭಾವಿಸಿ ಇನ್ನಷ್ಟು ಹುರುಪಾಯಿತು. "ಏಯ್!" ಎಂದು ಗದರಿದ; ಅದು ಮರುಬೊಗಳಿತು. ಇವನು ಇನ್ನೂ ಜೋರಾಗಿ, ಅದು ಅದಕ್ಕಿಂತ ಜೋರಾಗಿ. ಯಾರು ಯಾರಿಗೆ ಕಲಿಸುತ್ತಿದ್ದಾರೆಂದು ಗೋಡೆಯಾಚೆಯವರಿಗೆ ತಿಳಿಯುವಂತಿರಲಿಲ್ಲ. ದಿನಪತ್ರಿಕೆ ಸುರುಳಿ ಸುತ್ತಿ ಹೆದರಿಸಿದ. ಮರುದಿನದಿಂದ ಆತ ಓದುವ ಮೊದಲೇ ಪತ್ರಿಕೆ ಚೂರುಚೂರು. ಕೊನೆಗೆ ಆಸ್ಪತ್ರೆಯಿಂದ ಲವಂಗದ ಎಣ್ಣೆ ತಂದು ಎರಡೂ ಕೈಗೆ ಬಳಿದುಕೊಂಡ. ಚಿಟಿಕೆ ಮೂಸಿ ನೋಡಿ, ಸೀನಿ, ಕೈ ಬಿಟ್ಟು ಹಿಮ್ಮಡಿ ಹಿಡಿಯಿತು. ಆತ ಅದನ್ನು ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ ಅದೇ ಕೈಯಿಂದ ಕಣ್ಣು ಒರೆಸಿಕೊಂಡು ಅರ್ಧ ಗಂಟೆ ನಲ್ಲಿಯ ಕೆಳಗೆ ತಲೆ ಇಟ್ಟುಕೊಂಡು ನಿಂತ.

"ಅಪ್ಪಾ, ಅದು ನಮಗೆ ಕಚ್ಚಲ್ಲ. ನಿನಗೊಬ್ಬನಿಗೇ," ಎಂದಳು ಮಗಳು ಟವೆಲು ಕೊಡುತ್ತಾ.

"ಸುಳ್ಳು ಹೇಳಬೇಡ."

ಭಾನುವಾರ ಸಂಜೆ, ಮೇಸ್ತ್ರಿ ಕರೆದಂತೆಯೇ ಡಾಕ್ಟರಮ್ಮ ಬಂದರು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಜಾರದ ನಡುವೆ ನಿಂತಿದ್ದ. ಚಿಟಿಕೆ ಅತಿಥಿಯ ಚಪ್ಪಲಿ ಮೂಸಿತು, ಬಾಲ ಆಡಿಸಿತು, ಅವರ ಕೈ ನೆಕ್ಕಿತು. "ಪರವಾಗಿಲ್ವೇ!" ಎಂದರು ಅವರು. ಮೇಸ್ತ್ರಿಯ ಎದೆ ಎರಡಿಂಚು ಉಬ್ಬಿತು. "ಎಲ್ಲಾ ಶಿಸ್ತು ಡಾಕ್ಟರೇ," ಎನ್ನುತ್ತಾ ಬಗ್ಗಿ ಕೈ ಚಾಚಿದ್ದೇ ತಡ, ಚಿಟಿಕೆ ಅಲ್ಲಿಂದಲೇ ನೆಗೆದು ಆ ಅಂಗಿಯ ತೋಳಿಗೆ ಜೋತುಬಿತ್ತು. "ಬಿಡು! ಏಯ್! ಬಿಡು ಅಂದರೆ!" ಎಂದು ಆತ ಹಜಾರದಲ್ಲಿ ಗಿರಗಿರನೆ ತಿರುಗಿದ. ತೋಳಿನ ಜತೆ ನಾಯಿಯೂ ತಿರುಗಿತು. ಅದಕ್ಕೆ ಅಷ್ಟು ಸುಖ ಎಂದೂ ಸಿಕ್ಕಿರಲಿಲ್ಲ.

ಹೆಂಡತಿ ಅಡುಗೆಮನೆಯಿಂದ ಬಂದು ಗಂಡನ ಭುಜ ಹಿಡಿದು ನಿಲ್ಲಿಸಿದಳು. "ಅಲ್ಲಾಡಬೇಡಿ. ಮಾತಾಡಬೇಡಿ." ಆತ ನಿಂತ. ಎಳೆಯುವವರಿಲ್ಲದೆ ನಾಯಿಗೆ ಬೇಸರವಾಗಿ ತೋಳು ಬಿಟ್ಟಿತು. ಆಕೆ ಗಂಟು ಹಾಕಿದ ಒಂದು ಹಳೆಯ ಬಟ್ಟೆಯನ್ನು ಅದರ ಬಾಯಿಗೆ ಕೊಟ್ಟಳು. ಅದು ಮೂಲೆಗೆ ಹೋಗಿ ಅದನ್ನು ಅಗಿಯತೊಡಗಿತು.

"ಇದನ್ನೆಲ್ಲಿ ಕಲಿತ್ರಿ?" ಡಾಕ್ಟರಮ್ಮ ಬೆರಗಾದರು.

"ಹಲ್ಲು ಬರೋ ವಯಸ್ಸಿನ ಮಕ್ಕಳೂ ಕಚ್ಚುತ್ತವಲ್ಲ ಮೇಡಂ. ವರ್ಷಕ್ಕೆ ಮೂರು ನಾಲ್ಕು ಇದ್ದೇ ಇರುತ್ತವೆ. ಬೈದರೆ ಅದಕ್ಕೂ ಒಂದು ಮಜಾ. 'ಆ' ಅಂತ ಒಂದು ಸಲ ಅನ್ನಬೇಕು, ಆಟ ನಿಲ್ಲಿಸಬೇಕು, ಎದ್ದು ಹೋಗಬೇಕು. ಕಚ್ಚಿದರೆ ಆಟ ಮುಗೀತು ಅಂತ ಅದಕ್ಕೇ ಗೊತ್ತಾಗುತ್ತೆ. ಅಗಿಯೋಕೆ ಬೇರೆ ಏನಾದರೂ ಕೊಡಬೇಕು." ತೋಳು ಮಡಚಿ ಮೊಣಕೈ ಬಳಿಯ ಹಳೆಯ ಗುರುತೊಂದನ್ನು ತೋರಿಸಿದಳು. "ಇದು ಒಬ್ಬ ಮೂರು ವರ್ಷದವನದ್ದು."

ಮೇಸ್ತ್ರಿ ಆ ಗುರುತನ್ನು ನೋಡಿದ. ಮೇಲೆ ಆರು, ಕೆಳಗೆ ನಾಲ್ಕು ಹಲ್ಲು. ಯಾವನ ಬಾಯಿ ಕಂಡರೂ ವಯಸ್ಸು ಹೇಳುತ್ತಿದ್ದ ಮನುಷ್ಯ. ಅದು ಎಂದಿನದೆಂದು ಆತನಿಗೆ ಗೊತ್ತಿರಲಿಲ್ಲ. "ನನಗೆ ಹೇಳಲೇ ಇಲ್ಲವಲ್ಲ," ಎಂದ.

"ನೀವು ಕೇಳಲೇ ಇಲ್ಲವಲ್ಲ," ಎಂದಳು ಆಕೆ, ಕಾಫಿ ಲೋಟ ಎತ್ತಿಕೊಳ್ಳುತ್ತಾ.

ಸೋಮವಾರದಿಂದ ತರಬೇತಿ ಮೇಸ್ತ್ರಿಗೆ ಶುರುವಾಯಿತು. ಕಚ್ಚಿದೊಡನೆ "ಆ" ಎಂದು ಒಂದೇ ಒಂದು ಸಲ ಅನ್ನಬೇಕು, ಎದ್ದು ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಮೂವತ್ತು ಎಣಿಸಿ ಒಳಗೆ ಬರಬೇಕು. ಎದ್ದು ಹೋಗುವುದು ಕಷ್ಟವಾಗಲಿಲ್ಲ. ಬಾಯಿ ಮುಚ್ಚಿಕೊಂಡು ಹೋಗುವುದು ಪ್ರಾಣಕ್ಕೆ ಬಂತು. ಮೊದಮೊದಲು ಆತ ಬಾಗಿಲವರೆಗೂ ನಾಯಿಗೆ ಬುದ್ಧಿ ಹೇಳಿಕೊಂಡೇ ಹೋಗುತ್ತಿದ್ದ. ಮಗಳು ವಾಪಸು ಕರೆದು ಮತ್ತೆ ಮೊದಲಿಂದ ಮಾಡಿಸುತ್ತಿದ್ದಳು. ಸಂಜೆಗೆ ಎಂಟು ಹತ್ತು ಸಲ ಸ್ವಂತ ಮನೆಯ ಬಾಗಿಲಾಚೆ ಗೋಡೆ ನೋಡುತ್ತಾ ನಿಂತಿರುತ್ತಿದ್ದವನನ್ನು ಕಂಡು ಮೇಲಿನ ಮಹಡಿಯ ಲೈನ್‌ಮನ್ ಒಮ್ಮೆ ತಗ್ಗಿದ ದನಿಯಲ್ಲಿ ಕೇಳಿದ, "ಏನ್ ಸಾರ್, ಒಳಗೆ ಬಿಡ್ತಿಲ್ವಾ?"

"ತರಬೇತಿ," ಎಂದ ಮೇಸ್ತ್ರಿ.

"ಯಾರಿಗೆ?"

ಮೇಸ್ತ್ರಿ ಇಪ್ಪತ್ತಾರು, ಇಪ್ಪತ್ತೇಳು ಎಂದು ಎಣಿಸುತ್ತಲೇ ಇದ್ದ.

ಚಿಟಿಕೆ ಸರಿಹೋಗಲು ನಾಲ್ಕು ವಾರ ಹಿಡಿಯಿತು. ಆತ ಎರಡು ಸಲ ಆಸೆ ತಡೆಯದೆ ಗುಟ್ಟಾಗಿ ಬೆರಳು ಕುಣಿಸಿ ಸಿಕ್ಕಿಬೀಳದಿದ್ದರೆ ಮೂರೇ ವಾರಕ್ಕೆ ಮುಗಿಯುತ್ತಿತ್ತು ಎಂದು ಮಗಳ ಲೆಕ್ಕ. ಅಂತೂ ಒಂದು ಸಂಜೆ ಮರಿ ಆತನ ಬೆರಳನ್ನು ಬಾಯಿಗೆ ತೆಗೆದುಕೊಂಡು, ಒಂದು ಕ್ಷಣ ಯೋಚಿಸಿ, ನೆಕ್ಕಿ ಬಿಟ್ಟಿತು. ಮೇಸ್ತ್ರಿ ಅದರ ತಲೆ ಸವರಿದ.

ಆ ಬಳಿಕ ಡಾಕ್ಟರಮ್ಮ ಆತನ ಹೆಂಡತಿಯನ್ನು ಕರೆಸಿಕೊಂಡರು. ಹಲ್ಲು ತೋರಿಸಲು ಬಂದು ಡಾಕ್ಟರ ಬೆರಳನ್ನೇ ಕಚ್ಚುವ ಮಕ್ಕಳಿಗೆ ಆಸ್ಪತ್ರೆಯಲ್ಲಿ ಕೊರತೆ ಇರಲಿಲ್ಲ. ಈಗ ವಾರಕ್ಕೆರಡು ಮಧ್ಯಾಹ್ನ ಆಕೆ ಮುಂದಿನ ಕೋಣೆಯಲ್ಲಿ ಮಕ್ಕಳ ಜತೆ ಕೂರುತ್ತಾಳೆ. ಅಂದು ಕಿರುಚಾಟ ಇರುವುದಿಲ್ಲ. ಮೆಟ್ಟಿಲ ಕೆಳಗೆ ಮೇಣ ಕಾಯಿಸುತ್ತಾ ಮೇಸ್ತ್ರಿ, ನಾಯಿಯನ್ನು ತಾನು ಹೇಗೆ ಪಳಗಿಸಿದೆ ಎಂದು ಸಿಕ್ಕಿದವರಿಗೆ ಈಗಲೂ ಹೇಳುತ್ತಾನೆ. ಆದರೆ ಆ ಎರಡು ದಿನ ಬರುವ ತಾಯಂದಿರು ಆತನ ಬಾಗಿಲಲ್ಲಿ ಇಣುಕಿ ಕೇಳುವುದು ಒಂದೇ ಮಾತು: "ಟೀಚರ್ ಇದ್ದಾರಾ?"

"ಮುಂದೆ ಇದ್ದಾರೆ," ಎನ್ನುತ್ತಾನೆ. ಅವರು ಹೊರಟರೆ, ಹಿಂದಿನಿಂದ ಸ್ವಲ್ಪ ಗಟ್ಟಿಯಾಗಿಯೇ, "ನಮ್ಮನೆಯವರೇ ಅವರು," ಎಂದೂ ಸೇರಿಸುತ್ತಾನೆ.