ಲೋಳೆ ತೊಳೆಯದ ಮೀನು

ಮಣ್ಣಗುಡ್ಡದಲ್ಲಿ ಮೂವತ್ತು ವರ್ಷದಿಂದ ಮೀನು ಮಾರುವ ರಾಜೀವಿಗೆ ಒಂದು ಹಟ: ಲೋಳೆ ಉಳಿದ ಮೀನು ತನ್ನ ಕೈ ದಾಟಿ ಹೋಗಬಾರದು. ಅತ್ತಾವರದ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಮೆಲಿಸಾ ತಾಜಾ ಮುಗುಡು ಮೀನು ಬೇಕೆಂದಾಗಲೂ ಅವಳು ಉಪ್ಪು ಹಾಕಿ ತಿಕ್ಕಿ, ಫಳಫಳ ಹೊಳೆಯಿಸಿಯೇ ಕೊಟ್ಟಳು.

ಮೆಲಿಸಾ ತಲೆಯ ಮೇಲೆ ಕೈಹೊತ್ತು ಕೂತಳು. "ರಾಜೀವಿಯಕ್ಕ, ನನಗೆ ಬೇಕಾದದ್ದು ಆ ಲೋಳೆಯೇ!"

"ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ್ತಿ?" ರಾಜೀವಿ ಸಿಡುಕಿದಳು. "ಅದರಲ್ಲಿ ಎಂತ ಉಂಟು?"

ಪೆಪ್ಟೈಡ್ ಎಂಬ ಪ್ರೋಟೀನಿನ ಪುಟ್ಟ ತುಣುಕುಗಳಿವೆ, ಕೆಸರಲ್ಲಿ ಬದುಕುವ ಮೀನನ್ನು ರೋಗಾಣುಗಳಿಂದ ಕಾಯುವುದರಲ್ಲಿ ಅವುಗಳ ಪಾಲೂ ಉಂಟು, ನಮ್ಮ ಮೈಯ ಉರಿಯೂತವನ್ನು ಅವು ಇಳಿಸಬಲ್ಲವೇ ಎಂದು ನೋಡುತ್ತಿದ್ದೇವೆ ಎಂದಳು ಮೆಲಿಸಾ. ಆದರೆ ಹಿಂದೆ ಬೇರೆ ಕಡೆಯಿಂದ ತಂದ ಮೀನನ್ನು ಲ್ಯಾಬಿನವರು ಕೆರೆದಾಗಲೆಲ್ಲ ಚರ್ಮ ಗೀರಿ, ಲೋಳೆಗೆ ರಕ್ತ ಸೇರುತ್ತಿತ್ತಂತೆ.

ಮರುದಿನ ಮೀನಿನೊಂದಿಗೆ ರಾಜೀವಿಯೂ ಲ್ಯಾಬಿಗೆ ಹೋದಳು. ಕತ್ತಿಯ ಬೆನ್ನನ್ನು ತಲೆಯಿಂದ ಬಾಲದವರೆಗೆ ಒಂದೇ ಸಲ ಎಳೆದಳು. ಬಟ್ಟಲಿಗೆ ಲೋಳೆ ಇಳಿಯಿತು. ಒಂದು ಹನಿ ರಕ್ತವಿಲ್ಲ. ಮೆಲಿಸಾ ಬಾಯಿಬಿಟ್ಟು ನೋಡಿದಳು. ಅಂದಿನಿಂದ ಆ ಕೆಲಸ ರಾಜೀವಿಯದೇ.

ಮೊನ್ನೆ ಗಿರಾಕಿಯೊಬ್ಬರು ಮೂಗು ಮುರಿದರು: "ಛೀ, ಎಂತ ಲೋಳೆ ಇದು! ತೊಳೆದು ಕೊಡಿ."

"ತೊಳೆದೇ ಕೊಡ್ತೇನೆ," ಎಂದಳು ರಾಜೀವಿ. "ಛೀ ಅಂತ ಮಾತ್ರ ಹೇಳ್ಬೇಡಿ."