ಗಡಿಯಾಚೆ ಬಿಚ್ಚಿದ ಪೆಂಡಿಗಳು

ಆರ್ಫಾ ಸ್ಟಿಡಮ್‌ಳಿಗೆ ಜಗತ್ತಿನಲ್ಲಿ ಮೆಚ್ಚುಗೆಯಾಗುವಂಥದ್ದು ಕಡಿಮೆ. ಅಮೆರಿಕದ ಕೆಂಟಕಿ ರಾಜ್ಯದ ತೇವದ ಗಾಳಿಯಲ್ಲಿ, ಎರಡು ಮಳೆಗಳ ನಡುವಿನ ಬಿಸಿಲನ್ನು ಹೊಂಚಿ, ಐವತ್ತು ವರ್ಷ ಕುದುರೆಗಳಿಗೆ ಹುಲ್ಲು ಒಣಗಿಸಿದವಳು. ಪಶ್ಚಿಮದ ಒಣ ಸೀಮೆಯಿಂದ ಬರುವ ಹುಲ್ಲನ್ನು ಯಾರಾದರೂ ಹೊಗಳಿದರೆ, "ಮಳೇನೇ ಇಲ್ದಿರೋ ಕಡೆ ಹುಲ್ಲು ಒಣಗ್ಸೋಕೆ ಬುದ್ಧಿ ಯಾಕೆ ಬೇಕು? ಕೊಯ್ದು ಮಲಗಿದ್ರೂ ಒಣಗುತ್ತೆ," ಎನ್ನುತ್ತಿದ್ದಳು.

ಅವಳ ತಿರಸ್ಕಾರದ ದೊಡ್ಡ ಪಾಲು ಪಕ್ಕದ ಹೊಲದ ಆರ್ವೆಲ್ ಟ್ಯಾಕೆಟ್‌ಗೆ ಮೀಸಲು. ಅಪ್ಪ ಬಿಟ್ಟುಹೋದ ಹುಲ್ಲುಗಾವಲನ್ನು ಉತ್ತು ಅವನು ಗಾಂಜಾದ ದಾಯಾದಿ ಹೆಂಪ್ ಗಿಡ ಬೆಳೆದಿದ್ದ. ಅದರ ಸಾರದಿಂದ ಅಮಲಿನ ಮಿಠಾಯಿ ಮಾಡುವವರು ಕೊಳ್ಳುತ್ತಿದ್ದರು. "ಇನ್ನೂ ಹುಲ್ಲೇ ಕೊಯ್ತಿದೀರಾ ಆರ್ಫಾ ಅಮ್ಮಾ?" ಎಂದು ಬೇಲಿಯಾಚೆಯಿಂದ ನಗುತ್ತಿದ್ದ.

ಆಮೇಲೆ ಗಡಿಯಾಚೆಯ ಟೆನೆಸೀ ರಾಜ್ಯದಲ್ಲಿ ಕಾನೂನು ಬಿಗಿಯಾಯಿತು. ಈ ಕಡೆ ನಡೆಯುವ ಮಾಲು ಆ ಕಡೆ ಅಪರಾಧ. ಆ ಕಡೆಯ ಮಿಠಾಯಿಯವರು ಆರ್ವೆಲ್‌ನ ಫೋನನ್ನೇ ಎತ್ತದಾದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಟೆನೆಸೀಯ ಹುಲ್ಲು ಹರಾಜಿಗೆ ಇಬ್ಬರೂ ಲೋಡು ತಂದಿದ್ದರು. ಆರ್ವೆಲ್‌ನ ಪೆಂಡಿಗಳು ನೋಡಲು ಚೆಂದ. ಆರ್ಫಾ ಹತ್ತಿರ ಹೋಗಿ ಮೂಸಿದಳು, ಚಾಕುವಿನಿಂದ ಹುರಿ ಕತ್ತರಿಸಿದಳು. ಹೊರಗೆ ಹುಲ್ಲು, ಒಳಗೆ ಮಾರಾಟವಾಗದೆ ಉಳಿದ ಹೆಂಪ್ ಎಲೆ, ದಂಟು.

"ಇದನ್ನ ಕುದುರೆಗೆ ಹಾಕ್ತೀಯೇನೋ? ನಿಮ್ಮಪ್ಪ ಹಂದಿಗೂ ಇಂಥದ್ದು ಹಾಕ್ಲಿಲ್ಲ."

"ನಮ್ಮಲ್ಲಿ ಇದಕ್ಕೆ ಪರವಾನಗಿ ಇದೆ, ಅಮ್ಮಾ."

"ನಿಮ್ಮಲ್ಲಿ! ನಿಂತಿರೋದು ಯಾರ ಊರಲ್ಲಿ?"

ಹರಾಜಿನ ಯಜಮಾನ ಡರ್ವುಡ್ ಬಂದು ನೋಡಿದ. ಆರ್ವೆಲ್‌ನ ಲೋಡನ್ನು ಬದಿಗೆ ಹಾಕಿಸಿ, ಆರ್ಫಾಳ ಗಾಡಿಯತ್ತ ತಿರುಗಿದ. "ಇದೂ ಕೆಂಟಕಿದೇ ತಾನೆ? ಎಲ್ಲಾ ಬಿಚ್ಚಿ."

"ನನ್ನದನ್ನಾ?" ಆರ್ಫಾಳ ಮುಖ ಕೆಂಪಾಯಿತು. "ನೀನು ಚಡ್ಡಿ ಹಾಕ್ಕೊಳ್ಳೋ ಮುಂಚಿಂದ ಇಲ್ಲಿಗೆ ಹುಲ್ಲು ತರ್ತಿದೀನಿ."

"ಗೊತ್ತು. ಆದ್ರೂ ಬಿಚ್ಚಿ."

ಎಪ್ಪತ್ತು ಪೆಂಡಿಗಳು. ಆಳುಗಳು ಒಂದೊಂದರ ಹುರಿ ಕತ್ತರಿಸುವಾಗಲೂ ಅವಳು ಪಕ್ಕದಲ್ಲೇ ನಿಂತಿದ್ದಳು. ಒಂದು ಹೆಂಪ್ ಎಲೆಯೂ ಸಿಗಲಿಲ್ಲ. ಡರ್ವುಡ್ ಕ್ಷಮೆ ಕೇಳುವಂತೆ ಟೋಪಿ ತೆಗೆದ. ಅವಳು ಅವನ ಕಡೆ ನೋಡಲಿಲ್ಲ.

ಚೆಲ್ಲಿದ ಹುಲ್ಲನ್ನು ಮತ್ತೆ ಕಟ್ಟಲು ಬಗ್ಗಿದಾಗ ಎದುರು ಆರ್ವೆಲ್ ಮಂಡಿಯೂರಿದ್ದ. ಹುರಿ ಎಳೆದು ಕಟ್ಟುತ್ತಿದ್ದ.

"ಗಂಟು ಸಡಿಲ," ಎಂದಳು ಆರ್ಫಾ. "ಬಿಚ್ಚಿ ಮತ್ತೆ ಹಾಕು."

ಅವನು ಬಿಚ್ಚಿ ಮತ್ತೆ ಹಾಕಿದ. ಮಧ್ಯಾಹ್ನದವರೆಗೂ ಇಬ್ಬರೂ ಕಟ್ಟಿದರು. ಅವಳು ಕೃತಜ್ಞತೆ ಹೇಳಲಿಲ್ಲ, ಅವನೂ ನಿರೀಕ್ಷಿಸಲಿಲ್ಲ.