ನೂರಿಪ್ಪತ್ತಾರು ಪೌಂಡಿನ ಖಂಡಪ್ಪ

ಭೀಮಾ ನದಿಗೆ ಮಹಾಪೂರ ಬಂದಾಗ ಕೊಳಕೂರದ ಮಾಳಿಂಗಪ್ಪ ಹನ್ನೊಂದು ಕುರಿಗಳನ್ನು ಒಂದೊಂದಾಗಿ ಹೆಗಲೇರಿಸಿಕೊಂಡು ದಡ ಮುಟ್ಟಿಸಿದ. ಅವನ ಮಗ ಬೀರಣ್ಣ ಘತ್ತರಗಿಯ ಕುಸ್ತಿಯಲ್ಲಿ ತನ್ನ ಎರಡು ಪಟ್ಟು ಗಾತ್ರದ ಪೈಲ್ವಾನನ ಬೆನ್ನಿಗೆ ಮಣ್ಣು ಹಚ್ಚಿ ಬೆಳ್ಳಿ ಕಡಗ ತಂದ. ಬೀರಣ್ಣನ ಮಗನೇ ಖಂಡಪ್ಪ. ಆಳು ಸಣ್ಣವನು, ಕೈ ಮಾತ್ರ ಬೀಸಿದ್ದು ಕಾಣುತ್ತಿರಲಿಲ್ಲ.

ಆಳಂದದ ನಿಜಾಮುದ್ದೀನ ಸಾಹೇಬರು ಸಿಕಂದರಾಬಾದಿನ ದಂಡಿನಲ್ಲಿ ಬಾಕ್ಸಿಂಗ್ ನೋಡಿ ಬಂದು, ತಾವೇ ಒಂದು ತಂಡ ಕಟ್ಟಿದ್ದರು. ಅಫಜಲಪುರ, ಜೇವರ್ಗಿಯ ಸಂತೆಯ ದಿನ ಹಲಗೆ ಹಾಸಿ, ನಾಲ್ಕು ಗೂಟಕ್ಕೆ ಹಗ್ಗ ಬಿಗಿದು ಆಡಿಸುವರು. ಅವರು ಖಂಡಪ್ಪನನ್ನು ಕಾಳಿನ ತಕ್ಕಡಿಯಲ್ಲಿ ಕೂರಿಸಿ ತೂಗಿದರು.

“ನೂರಿಪ್ಪತ್ತಾರು ಪೌಂಡು. ಇದಕ್ಕ ಫೆದರ್‌ವೇಟ್ ಅಂತಾರ, ಹಕ್ಕಿ ಪುಕ್ಕದ ತೂಕ. ಇದರ ಮ್ಯಾಲ ಏರಬ್ಯಾಡ ಮಗನ.”

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಜೇವರ್ಗಿಯಲ್ಲಿ ಮೊದಲ ಆಟ. ಎದುರಿಗೆ ದಂಡಿನ ಸಿಪಾಯಿ. ಮೂರನೆಯ ಸುತ್ತಿನಲ್ಲಿ ಖಂಡಪ್ಪನ ಒಂದೇ ಗುದ್ದಿಗೆ ಸಿಪಾಯಿ ಅಂಗಾತ ಬಿದ್ದ. ಬೆನ್ನು ನೆಲ ಮುಟ್ಟಿದರೆ ಕುಸ್ತಿ ಮುಗಿಯಿತು. ಖಂಡಪ್ಪ ಹುಟ್ಟಿದಾಗಿನಿಂದ ಕಂಡದ್ದು ಅದೇ. ಹಲಗೆ ಮುಟ್ಟಿ ಹಣೆಗೊತ್ತಿಕೊಂಡ, ಹಗ್ಗದ ಕೆಳಗೆ ನುಸುಳಿ ಜನರೊಳಗೆ ಇಳಿದೇಬಿಟ್ಟ. ಬಾಕ್ಸಿಂಗಿನಲ್ಲಿ ಬಿದ್ದವನಿಗೆ ಹತ್ತು ಎಣಿಸುವವರೆಗೆ ಅವಕಾಶ; ತೀರ್ಪು ಹೇಳುವ ಪಂಚ ಎಂಟು ಎನ್ನುವಷ್ಟರಲ್ಲಿ ಸಿಪಾಯಿ ಎದ್ದು ನಿಂತ. ಕಣ ಬಿಟ್ಟವನು ಸೋತವನೆಂದು ಪಂಚ ಸಾರಿದಾಗ ಖಂಡಪ್ಪ ಇನ್ನೂ ಜನರ ಹೆಗಲ ಮೇಲಿದ್ದ.

ಆಟದ ನಿಯಮ ತಿಳಿಯದವನನ್ನು ಕಣಕ್ಕಿಳಿಸಿದರೆಂದು ಸಂತೆಯೆಲ್ಲ ಸಾಹೇಬರನ್ನು ಆಡಿಕೊಂಡಿತು. ಸಾಹೇಬರು ಬೈಯಲಿಲ್ಲ. ಎರಡು ದಿನ ಉಣ್ಣಲೂ ಇಲ್ಲ. ಖಂಡಪ್ಪನಿಗೆ ಅದನ್ನು ತಾಳಲಾಗಲಿಲ್ಲ. ತಾಲೀಮಿನ ಮನೆಯ ಕೆಮ್ಮಣ್ಣಿನ ಮೇಲೆ ಕೈಯಿಟ್ಟು ಹೇಳಿದ: “ಸಾಹೇಬ್ರ, ನಿಮ್ಮ ಹೆಸರು ಮೊದಲಿನಂಗ ಆತು ಅಂತ ನೀವು ಅನ್ನೂತನಕ ನಾ ಕೊಳಕೂರ ಮೆಟ್ಟಂಗಿಲ್ರಿ.”

ಎಷ್ಟು ಗೆಲುವಿಗೆ ಹೆಸರು ಮೊದಲಿನಂತಾಗುತ್ತದೆ ಎಂದು ಅವನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹತ್ತೊಂಬತ್ತು ಆಟ ಗೆದ್ದ. ಪ್ರತಿ ಸಲವೂ ಸಾಹೇಬರು ಬೆನ್ನು ಚಪ್ಪರಿಸಿ, “ಚಲೋ ಹೊಡದಿ. ಇನ್ನೊಂದು ಆಗಲಿ,” ಎನ್ನುವರು. ಹರೆಯ ಬಲಿತು ಎಲುಬು ಅಗಲವಾಗುತ್ತಿತ್ತು, ತಕ್ಕಡಿಯ ಮಿತಿ ಮಾತ್ರ ಅದೇ. ಆಟಕ್ಕೆ ಮೂರು ದಿನ ಮೊದಲು ಅರ್ಧ ರೊಟ್ಟಿ, ಒಂದು ಗುಟುಕು ನೀರು. ನಡು ಮಧ್ಯಾಹ್ನ ಕಂಬಳಿ ಹೊದ್ದು ಓಡಿ ಬೆವರಿಳಿಸಬೇಕು. ತಾಯಿ ತೀರಿಕೊಂಡ ಸುದ್ದಿ ಜೇವರ್ಗಿಯ ಕಣದಲ್ಲೇ ತಿಳಿಯಿತು. ಕೊಳಕೂರದ ಅಗಸಿ ಬಾಗಿಲವರೆಗೆ ನಡೆದು ಹೋದ. ಒಳಗೆ ಕಾಲಿಡದೆ, ಹೊಲದ ಬದುವಿನ ಮೇಲೆ ನಿಂತು ಹೆಣ ಹೋಗುವುದನ್ನು ನೋಡಿ ಹಿಂದಿರುಗಿದ.

ಎಂಟನೆಯ ವರ್ಷ ಎಡಗಣ್ಣು ಮಸುಕಾಯಿತು. ಅಕ್ಕ ರೇವಮ್ಮ ಎತ್ತಿನ ಬಂಡಿ ಕಟ್ಟಿಸಿಕೊಂಡು ಆಳಂದಕ್ಕೆ ಬಂದಳು.

“ಇದೇನಲೇ ತಮ್ಮಾ, ಒಣಗಿದ ಹಾಗಲಕಾಯಿ ಆಗಿದಿ. ಕಣ್ಣು ಕಾಣ್ತದೋ ಇಲ್ಲೋ?”

“ಬಲಕ್ಕ ಬಂದವ್ರು ಕಾಣ್ತಾರ. ಎಡಕ್ಕ ಬಂದವ್ರು ಹೊಡದ ಮ್ಯಾಲ ಗೊತ್ತಾಗ್ತಾರ.”

ರೇವಮ್ಮ ನಗಲಿಲ್ಲ. “ಸಾಹೇಬ್ರ ಅವ್ವ ಗೌಸಿಯಾಬೇಗಂ ಅವರ ಕಾಲು ಹಿಡದು ಬಂದೇನಿ. ನಾಳಿನ ಆಟ ಬಿಡಸ್ತೀನಿ, ಮಗನ ಬಾಯಾಗಿಂದ ‘ಹೆಸರು ಮೊದಲಿನಂಗ ಆತು, ಸಾಕು’ ಅನಸ್ತೀನಿ ಅಂದಾರ. ಇನ್ನೊಂದು ಗುದ್ದು ಬಿದ್ರ ಇದ್ದ ಕಣ್ಣೂ ಹೋಗ್ತದ. ಇದು ಉಂಡು ಬಂಡಿ ಹತ್ತು,” ಎಂದು ರೊಟ್ಟಿ ಗಂಟು ಬಿಚ್ಚಿದಳು.

ಎಂಟು ವರ್ಷ ಅದೊಂದೇ ಮಾತಿಗೆ ಕಾದಿದ್ದ. ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿಯ ವಾಸನೆಗೆ ಬಾಯಲ್ಲಿ ನೀರೂರಿತು. ಖಂಡಪ್ಪ ಗಂಟನ್ನು ಅಕ್ಕನ ಕಡೆ ಸರಿಸಿದ.

“ಆ ಮಾತು ಅವರೇ ತಾವಾಗಿ ಅನ್ನಬೇಕಕ್ಕಾ. ನೀ ಬೇಡಿ ತಂದದ್ದು ನನಗ ಒಗ್ಗಂಗಿಲ್ಲ. ಗಂಟು ಕಟ್ಟು. ಇದನ್ನ ತಿಂದ್ರ ಮುಂಜಾನಿ ತಕ್ಕಡ್ಯಾಗ ಹೆಚ್ಚಿಗಿ ಬರ್ತೇನಿ.”